ಶಮೀಮ್ ಮೇಡಮ್ ತೋರಿಸಿದ ಕಾಲುವೆ

ಕಣ್ಣಿಗೆ ಕರಿ ಪೆಟ್ಟಿಗೆಯೊಂದನ್ನು ಕಟ್ಟಿಕೊಂಡು, ಕುರ್ಚಿಯ ತುದಿಯಲ್ಲಿ ಕುಳಿತು, ಶಮೀಮ್ ಮೇಡಮ್ ಒಂದು ಆಡನ್ನು ಬೈಯುತ್ತಿದ್ದರು. "ಹಡ್! ಸರಿ ಅತ್ಲಾಗ!" ಶಹಾಪುರದ ಆ ಪುಟ್ಟ ಆಸ್ಪತ್ರೆಯ ಕೋಣೆಯಲ್ಲಿ ಆಡಿರಲಿ, ಅದರ ಹಿಕ್ಕೆಯೂ ಇರಲಿಲ್ಲ. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವವರೇ ಹೀಗಿದ್ದರೆ ನನ್ನ ಅರ್ಧ ವಾದ ಗೆದ್ದಂತೆಯೇ ಎಂದುಕೊಂಡೆ.

ರೋಗಿಗೆ ತೋರಿಸುವುದನ್ನು ಪ್ರತಿ ಸಲ ಮೊದಲು ತಾವು ನೋಡುವುದು ಅವರ ರೂಢಿ. "ಮಂದಿಗಿ ಕುಡಿಸೋ ಕಷಾಯ ಮೊದಲ ನಾವು ಕುಡೀಬೇಕ್ರಿ," ಎನ್ನುವರು. ನಮ್ಮೊಡನೆ ಕನ್ನಡ, ಯಂತ್ರದೊಡನೆ ಮಾತ್ರ ಮನೆಯ ದಖನಿ ಉರ್ದು. ಅದು ನಡುವೆ ನಿಂತರೆ ತಟ್ಟಿ, "ಚಲ್ ರೇ, ನಖರೆ ನಕ್ಕೋ," ಅಂದರೆ ನಡಿಯೋ, ಬಿಂಕ ಬೇಡ, ಎಂದು ಗದರುವರು.

ನನ್ನ ಅವ್ವನ ತಂಗಿ, ದೇವಾಪುರದ ಚಿಕ್ಕವ್ವ, ಹಿಂದಿನ ವರ್ಷ ಅರಿವೆ ತೊಳೆಯಲು ಹೋಗಿ ಕಾಲುವೆಗೆ ಜಾರಿ ಬಿದ್ದಿದ್ದಳು. ಕುರಿ ಕಾಯುವವರು ಎಳೆದು ದಡಕ್ಕೆ ಹಾಕಿದ್ದರು. ಅಂದಿನಿಂದ ಅವಳು ಕಾಲುವೆಯ ಸೇತುವೆ ದಾಟಿರಲಿಲ್ಲ. ಭತ್ತದ ಗದ್ದೆ ಇರುವುದು ಅದರಾಚೆ. ನಾಟಿಯ ದಿನವೂ ಅವಳು ಮನೆಯಲ್ಲೇ. ಬೇಸತ್ತ ಅವಳ ಗಂಡ, ನಮ್ಮ ಕಾಕಾ, ಇಲ್ಲಿಗೆ ಕರೆತಂದಿದ್ದ. ಅಂಜುವುದನ್ನೇ ಪೆಟ್ಟಿಗೆಯೊಳಗೆ ಮತ್ತೆ ಮತ್ತೆ ತೋರಿಸಿ ಅಂಜಿಕೆ ಬಿಡಿಸುವುದು ಮೇಡಮ್‌ರ ಚಿಕಿತ್ಸೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದ ಹುಮ್ಮಸ್ಸಿನಲ್ಲಿದ್ದ ನಾನು, ಮೋಸವಿದ್ದರೆ ಬಯಲು ಮಾಡಲೆಂದೇ ಜೊತೆಗೆ ಹೋಗಿದ್ದೆ.

"ನೀರು ಸುಳ್ಳು ಅಂತ ರೋಗಿಗಿ ಗೊತ್ತಿರ್ತದ. ಸುಳ್ಳು ನೀರಿಗಿ ಅಂಜದಿದ್ರ ಖರೆ ನೀರಿಗೂ ಅಂಜಂಗಿಲ್ಲ ಅನ್ನಾಕ ಪುರಾವೆ ಏನ್ರಿ?" ಎಂದು ಕೇಳಿದೆ.

"ಕನಸಿನ್ಯಾಗ ಹಾವು ಕಂಡ್ರ ನೀ ಬೆವರಂಗಿಲ್ಲೇನು, ವಕೀಲಬಾಯಿ?"

"ಅದು ಹೋಲಿಕಿ, ಪುರಾವೆ ಅಲ್ರಿ."

"ಹೋಲಿಕಿನೇ ಅನ್ನು. ಚಾ ಆರಾಕತ್ತದ, ಕುಡಿ."

ಅವರು ಪುರಾವೆ ಕೊಡದೆ ಇರುತ್ತಿರಲಿಲ್ಲ. ಓದಲು ಕೊಟ್ಟ ಕಾಗದಗಳನ್ನು ಓದಿ ಮತ್ತೆ ಜಗಳಕ್ಕೆ ಬಾ ಎನ್ನುವರು. ಪೇಟೆಯಿಂದ ಬಂದ ಸಿದ್ಧ ದೃಶ್ಯಗಳು ಅವರಿಗೆ ಸೇರುತ್ತಿರಲಿಲ್ಲ. "ಅಮೆರಿಕಾದ ಹೊಳಿ ತೋರಿಸಿದ್ರ ದೇವಾಪುರದಾಕಿ ಯಾಕ ಅಂಜತಾಳ?" ಎಂದು ತಾವೇ ಊರಿಗೆ ಹೋಗಿ, ಅರಿವೆ ತೊಳೆಯುವ ಮೆಟ್ಟಿಲ ಮೇಲೆ ಕ್ಯಾಮೆರಾ ನಿಲ್ಲಿಸಿ, ಸುತ್ತಲಿನದನ್ನೆಲ್ಲ ಹಿಡಿದು ತಂದಿದ್ದರು. ಬೈಸಿಕೊಂಡ ಆಡು ಆ ಚಿತ್ರದೊಳಗಿನದು. ಪೆಟ್ಟಿಗೆ ಕಟ್ಟಿಕೊಂಡವರು ಕತ್ತು ಯಾವ ಕಡೆ ತಿರುಗಿಸಿದರೆ ಆ ಕಡೆಯ ಕಾಲುವೆ ಕಾಣುವುದು. ಅವರು ಕಂಡದ್ದು ಮೇಡಮ್‌ರ ಲ್ಯಾಪ್‌ಟಾಪಿನಲ್ಲೂ ಮೂಡುವುದು.

ಪೆಟ್ಟಿಗೆ ಕಟ್ಟಿದಾಗ ಚಿಕ್ಕವ್ವ ನಡುಗಲಿಲ್ಲ, ಬೆವರಲಿಲ್ಲ. ಕಾಲಬುಡದ ನೀರನ್ನು ಸುಮ್ಮನೆ ನೋಡಿದಳು. ಆಮೇಲೆ ಕತ್ತು ಎಡಕ್ಕೆ ತಿರುಗಿಸಿ ಹಾಗೇ ಕುಳಿತುಬಿಟ್ಟಳು. ಮರುವಾರವೂ ಅಷ್ಟೇ.

"ನೋಡ್ರಿ, ನಿಮ್ಮ ಪೆಟಗಿ ನಡೆಯಂಗಿಲ್ಲ," ಎಂದೆ. ಮೇಡಮ್ ಲ್ಯಾಪ್‌ಟಾಪಿನ ತೆರೆಯನ್ನೇ ನೋಡುತ್ತಿದ್ದರು. ಅದರಲ್ಲಿ ದೂರದ ಸೇತುವೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಅಕ್ಕಾ, ಮೆಟ್ಟಲಾ ಈ ಕಡಿ ಅದ. ನೀವು ಸೇತುವಿ ಯಾಕ ನೋಡಾಕತ್ತೀರಿ?"

"ನಾ ನಿಂತಿದ್ದು ಅಲ್ಲೇರಿ."

"ಅಲ್ಲಿಂದ ಜಾರಿದ್ರೇನು?"

"ಇಲ್ಲ. ಜಾರಿಲ್ಲ."

ಬಾಗಿಲಲ್ಲಿದ್ದ ಕಾಕಾ ಹೊಸ್ತಿಲ ಮೇಲೆ ಕುಳಿತ. ಪೆಟ್ಟಿಗೆ ಕಟ್ಟಿದ ಮುಖವನ್ನು ಚಿಕ್ಕವ್ವ ನನ್ನ ಕಡೆ ತಿರುಗಿಸಿದಳು. "ಅವತ್ತು ಹೊಸನೀರು ಬಿಟ್ಟಿದ್ರು. ಹೊಸನೀರಿನ್ಯಾಗ ಅರಿಬಿ ಯಾರು ತೊಳೀತಾರವ್ವಾ? ಯಾರೂ ಕೇಳಲೇ ಇಲ್ಲ."

ಕಾಲುವೆಗೆ ಬಿಟ್ಟ ಮೊದಲ ನೀರು ರಾಡಿ, ಜಾಲಿ ಮುಳ್ಳು, ಸತ್ತ ಇಲಿಗಳನ್ನು ಹೊತ್ತು ತರುತ್ತದೆ. ಆ ದಿನ ನಮ್ಮ ಕಡೆಯ ಯಾವ ಹೆಂಗಸೂ ಅರಿವೆ ಅದ್ದುವುದಿಲ್ಲ. ಇದು ಗೊತ್ತಿಲ್ಲದವರು ದೇವಾಪುರದಲ್ಲಿ ಒಬ್ಬರೂ ಇಲ್ಲ. ಆದರೂ ಊರಿಗೆ ಊರೇ 'ಜಾರಿದಳು' ಎಂದಿತು, ಮನೆಯವರು ಹೌದೆಂದರು. ಅವಳ ಕೂಸು ತೀರಿಕೊಂಡು ಆಗ ತಿಂಗಳೂ ತುಂಬಿರಲಿಲ್ಲ.

ಮೇಡಮ್ ಎದ್ದು ಪೆಟ್ಟಿಗೆಯ ಪಟ್ಟಿ ಮೆಲ್ಲಗೆ ಬಿಚ್ಚಿದರು. ಅವಳ ಎದುರು ಕುಳಿತು ಕೇಳಿದರು: "ಈಗೂ ಜೀವ ಬ್ಯಾಡ ಅನಸ್ತದೇನ್ರಿ ಅಕ್ಕಾ?"

ಇಂಥ ಪ್ರಶ್ನೆಯನ್ನು ಯಾರಾದರೂ ಬಾಯಿಬಿಟ್ಟು ಕೇಳಬಹುದೆಂದೇ ನನಗೆ ತಿಳಿದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಉತ್ತರ ನನ್ನನ್ನು ಅಲ್ಲಾಡಿಸಿತು.

"ಸೇತುವಿ ಹತ್ರ ಹೋದ್ರ ಅನಸ್ತದ. ಅದಕ್ಕ ಹೋಗಂಗಿಲ್ಲ."

ಅಂದರೆ ಅದು ಅಂಜಿಕೆಯಲ್ಲ, ಅವಳು ತನಗೆ ತಾನೇ ಹಾಕಿಕೊಂಡ ಕಾವಲು. ಆ ಕಾವಲನ್ನು ತೆಗೆಸಲು ನಾವು ಅವಳನ್ನು ಬಸ್ಸಿನಲ್ಲಿ ಕರೆತರುತ್ತಿದ್ದೆವು! ಚಿಕಿತ್ಸೆ ಸೋಲುತ್ತದೆಂದು ನಾನು ವಾದಿಸುತ್ತಿದ್ದೆ. ಗೆದ್ದಿದ್ದರೆ?

"ನೀರಿನ ಅಂಜಿಕಿ ಅಂದ್ಕೊಂಡಿದ್ದೆ. ತಪ್ಪು ನಂದು," ಎಂದರು ಮೇಡಮ್. ಅವಳಿಗೆ ಮತ್ತೆಂದೂ ಪೆಟ್ಟಿಗೆ ಕಟ್ಟಲಿಲ್ಲ. ಯಾದಗಿರಿಯ ಡಾಕ್ಟರರಿಂದ ಗುಳಿಗೆ ಬರೆಸಿದರು. ವಾರವಾರ ಎದುರು ಕೂರಿಸಿಕೊಂಡು ಮಾತಾಡಿದರು. ಕೂಸಿನ ಹೆಸರನ್ನು ಚಿಕ್ಕವ್ವ ನಮ್ಮೆದುರು ಮೊದಲ ಬಾರಿ ಹೇಳಿದ್ದು ಆ ಕೋಣೆಯಲ್ಲಿ.

ಬೀದರಿಗೆ ವರ್ಗವಾಗಿ ಹೋಗುವ ಮುಂಚೆ ಮೇಡಮ್ ದೇವಾಪುರಕ್ಕೆ ಬಂದಿದ್ದರು. ಅವರನ್ನು ನಾನು ಕಡೆಯದಾಗಿ ಕಂಡದ್ದು ಆಗ. ರೊಟ್ಟಿ ಮುರಿಯುತ್ತ ಎಲ್ಲರೆದುರೇ ಚಿಕ್ಕವ್ವನಿಗೆ ಆ ಹಳೆಯ ಪ್ರಶ್ನೆಯನ್ನೇ ಕೇಳಿದರು. "ಒಮ್ಮೊಮ್ಮೆ ಅನಸ್ತದರಿ," ಎಂದಳು ಚಿಕ್ಕವ್ವ.

"ಅನಿಸಿದ್ರ ಯಾರಿಗಿ ಹೇಳ್ತೀರಿ?"

ಚಿಕ್ಕವ್ವ ಬಾಯಿ ತೆರೆಯುವ ಮೊದಲೇ ಕಾಕಾ, "ನನಗ," ಎಂದ.

ಈಗ ಕೇಳಲು ಮೇಡಮ್ ಇಲ್ಲಿಲ್ಲ. ಬೆಳಿಗ್ಗೆ ಮೇವಿನ ಹೊರೆ ಹೊತ್ತು ಬಂದ ಕಾಕಾ, ಮುಖ ಆಚೆ ತಿರುಗಿಸಿಕೊಂಡು, "ಏನರೆ ಅನಸ್ತೇನು?" ಎಂದು ಹೆಂಡತಿಯನ್ನು ಕೇಳುತ್ತಾನೆ. ಅವಳು ಉತ್ತರ ಕೊಡುವತನಕ ಹೊರೆ ಇಳಿಸುವುದಿಲ್ಲ.