ಹೆಸರಿಲ್ಲದ ಚೀಟಿ

ಚಿತ್ತಾಪುರದ ಅಬ್ದುಲ್ ಗನಿ ಮಾಸ್ತರರ ಬಗ್ಗೆ ಬರೆಯುವ ಹಕ್ಕು ನನಗಿಲ್ಲ. ಆದರೆ ಬರೆಯಬೇಕಾದವರು ಯಾರೂ ಬರೆಯಲಿಲ್ಲ, ಪೂರ್ತಿ ಗೊತ್ತಿರುವವನು ನಾನೊಬ್ಬನೇ ಉಳಿದಿದ್ದೇನೆ.

ಅವರು ಸಾಲೆಯಲ್ಲಿ ಉರ್ದು ಕಲಿಸುತ್ತಿದ್ದರು. ನಾನು ರೇವಣಪ್ಪ, ಸೇಡಂನಲ್ಲಿ ಬಟ್ಟೆ ಅಂಗಡಿ ಇಟ್ಟವನು. ನಿಜಾಮರ ಕಾಲದಲ್ಲಿ ಸಾಲೆಗೆ ಹೋದವರಿಗೆ ಓದು ಅಂದರೆ ಉರ್ದುವೇ. ನನಗೆ ಕನ್ನಡದ ಅಕ್ಷರ ಬಂದದ್ದು ಮಠದ ಅಯ್ಯನವರಿಂದ. ಮಾಸ್ತರರಿಗೆ ಒಂದೇ ಹುಚ್ಚು, ಆಗದ್ದನ್ನು ಆದಂತೆ ಬರೆದ ಕಾದಂಬರಿಗಳು. ಚಂದ್ರನ ಮೇಲೆ ಇಳಿದವರು, ಸಮುದ್ರದ ತಳದಲ್ಲಿ ಊರು ಕಟ್ಟಿದವರು, ಇಂಥವೇ. ರಜೆಗೆ ಹೈದರಾಬಾದಿಗೆ ಹೋದರೆ ಹಳೆಯ ಪುಸ್ತಕಗಳ ಗಂಟು ಹೊತ್ತು ತರುತ್ತಿದ್ದರು. ಓದಿದ ಮೇಲೆ ರೈಲಿನಲ್ಲಿ ಹೋಗಿಬರುವವರ ಕೈಯಲ್ಲಿ ನನಗೊಂದು, ನಾಲವಾರದ ಗೆಳೆಯ ಗುರುಲಿಂಗಯ್ಯನಿಗೊಂದು ಕಳಿಸುತ್ತಿದ್ದರು.

ನಮ್ಮ ಕಡೆ ನೆರೆಮನೆಯವರು ಪಲ್ಯ ಕೊಟ್ಟ ಬಟ್ಟಲನ್ನು ಖಾಲಿ ಮರಳಿಸುವುದಿಲ್ಲ. ಮಾಸ್ತರರು ಪುಸ್ತಕಕ್ಕೂ ಅದೇ ಕಟ್ಟಳೆ ಮಾಡಿದ್ದರು. ಮರಳಿ ಕೊಡುವಾಗ ಒಳಗೆ ನಮ್ಮ ಅಭಿಪ್ರಾಯದ ಚೀಟಿ ಇರಲೇಬೇಕು, ಅದರ ಮೇಲೆ ಹೆಸರು ಇರಕೂಡದು.

"ಹೆಸರಿದ್ರ ಮಂದಿ ಮುಲಾಜು ನೋಡ್ತಾರ್ರಿ," ಎನ್ನುತ್ತಿದ್ದರು. "ಹೆಸರಿಲ್ಲಂದ್ರ ಖರೇ ಬರೀತಾರ."

ಖರೆಯೇ ಬರೆಯುತ್ತಿದ್ದೆವು. ಚಂದ್ರನ ಪುಸ್ತಕಕ್ಕೆ ಗುರುಲಿಂಗಯ್ಯ ಬರೆದದ್ದು ಹೀಗೆ: 'ಮುನ್ನೂರು ಪುಟದಲ್ಲಿ ಇವರು ಒಂದು ಹೊತ್ತೂ ಉಣ್ಣಲಿಲ್ಲ. ಉಣ್ಣದವರ ಮಾತು ನಾನು ನಂಬಲಾರೆ.' ಮಾಸ್ತರರು ಅದನ್ನು ಓದಿ ನಕ್ಕು, ಪುಸ್ತಕದಿಂದ ತೆಗೆದು ತಗಡಿನ ಡಬ್ಬಿಯಲ್ಲಿಟ್ಟರು. ಹದಿನೈದು ವರ್ಷದ ಚೀಟಿಗಳು ಆ ಡಬ್ಬಿಯಲ್ಲಿದ್ದವು. ಅಷ್ಟು ಓದಿದ ಮನುಷ್ಯನಿಗೆ ಅದೊಂದು ಹೊಳೆಯಲಿಲ್ಲ: ಪುಸ್ತಕದಿಂದ ಹೊರಬಿದ್ದ ಚೀಟಿಗೆ ತಾನು ಯಾವ ಕಥೆಯದು ಎಂದು ಹೇಳಲು ಬಾಯಿಲ್ಲ.

೧೯೪೭ರ ಕೊನೆಗೆ ಒಂದು ಕಾದಂಬರಿ ಬಂತು. ಅದರಲ್ಲೊಬ್ಬ ರಾಜ, ಯಾವುದೋ ಔಷಧದ ಬಲದಿಂದ ಮುನ್ನೂರು ವರ್ಷವಾದರೂ ಸಾಯುವುದಿಲ್ಲ. ಪ್ರಜೆಗಳು ಹುಟ್ಟುತ್ತಾರೆ, ಸಲಾಮು ಹೊಡೆಯುತ್ತಾರೆ, ಸಾಯುತ್ತಾರೆ. ಅವನು ಕೂತೇ ಇರುತ್ತಾನೆ. ನನಗೆ ಸಿಟ್ಟು ಬಂತು. 'ಈ ರಾಜನನ್ನು ಬದುಕಲು ಬಿಟ್ಟದ್ದೇ ತಪ್ಪು. ನನ್ನ ಕೈಯಲ್ಲಿದ್ದರೆ ಎಂದೋ ಮುಗಿಸುತ್ತಿದ್ದೆ' ಎಂದು ಚೀಟಿ ಬರೆದು ಕಳಿಸಿದೆ. ಆಮೇಲೆ ದುಡುಕಿದೆನೇನೋ ಅನ್ನಿಸಿ, ಇನ್ನೊಮ್ಮೆ ಓದಲು ಪುಸ್ತಕವನ್ನು ತರಿಸಿಕೊಂಡೆ. ಚೀಟಿ ಮಾಸ್ತರರ ಡಬ್ಬಿಯಲ್ಲೇ ಉಳಿಯಿತು.

ಆ ದಿನಗಳಲ್ಲಿ ಸಂಸ್ಥಾನದ ತುಂಬ ನಿಜಾಮರ ವಿರುದ್ಧ ಗಲಾಟೆ. ಯಾರದೋ ಚಾಡಿ ಕೇಳಿ ಪೊಲೀಸ್ ಅಮೀನನೊಬ್ಬ ಮಾಸ್ತರರ ಮನೆ ಶೋಧಿಸಿದ. ಡಬ್ಬಿ ಸಿಕ್ಕಿತು, ಡಬ್ಬಿಯಲ್ಲಿ ನನ್ನ ಚೀಟಿ. ಯಾವ ರಾಜ ಎಂದು ಕೇಳಿದ. ಪುಸ್ತಕದ ರಾಜ ಎಂದರು ಮಾಸ್ತರರು. ಪುಸ್ತಕ ಎಲ್ಲಿದೆ, ಅಕ್ಷರ ಯಾರದು ಎಂದರೆ ಎರಡಕ್ಕೂ ನನ್ನ ಹೆಸರು ಹೇಳಬೇಕಿತ್ತು, ಅವರು ಹೇಳಲಿಲ್ಲ. ಅಮೀನ ಅವರನ್ನು ಹಿಡಿದುಕೊಂಡು ಹೋದ.

ಮೂರನೆಯ ದಿನ ಮಧ್ಯಾಹ್ನದ ಗಾಡಿಗೆ ಅವರ ಹೆಂಡತಿ ರಶೀದಾಬೇಗಂ ಸೇಡಂಗೆ ಬಂದರು. ಬುರ್ಖಾದ ಪರದೆ ಎತ್ತದೆ ಅಂಗಡಿಯ ಕಟ್ಟೆಯ ಕೆಳಗೇ ನಿಂತರು.

"ಬರ್ರಿ ಭಾಭಿ, ಕುಂದ್ರಿ," ಅಂದೆ.

"ಕುಂದರ್ಲಿಕ್ಕೆ ಬಂದಿಲ್ರಿ ಅಣ್ಣಾರ. ಆ ಕಿತಾಬು ನಿಮ್ಮ ಬಲ್ಲಿ ಅದ ಅಲ್ರಿ? ಅದು ತೋರ್ಸಿದ್ರ ಅಮೀನ ಸಾಹೇಬರು ನಂಬ್ತಾರ. ಬಿಡ್ತಾರ."

ಪುಸ್ತಕ ಅವರಿಂದ ಎರಡು ಮೊಳ ದೂರದಲ್ಲಿ, ಇಳಕಲ್ಲ ಸೀರೆಗಳ ಕೆಳಗಿತ್ತು. ಅದರ ಅಂಚಿನ ತುಂಬ ನನ್ನದೇ ಬರಹ. ಕೊಟ್ಟರೆ ಚೀಟಿ ಯಾರದೆಂಬುದೂ ಬಯಲಾಗುತ್ತಿತ್ತು. ಮನೆಯಲ್ಲಿ ಹೆಂಡತಿ ಚಂದಮ್ಮ ತುಂಬಿದ ಬಸುರಿ. ಇದನ್ನು ನೆಪವೆಂದೇ ಹೇಳುತ್ತಿದ್ದೇನೆ, ಕಾರಣವೆಂದಲ್ಲ. ಕಾರಣ ಅಂಜಿಕೆ.

"ಇಲ್ಲ ಭಾಭಿ. ವಾಪಸ್ ಕೊಟ್ಟೀನಿ, ಮರತಾರ ಅವರು," ಅಂದೆ.

"ಹಂಗೇ ಇರ್ಲಿ," ಎಂದು ಅವರು ಸ್ಟೇಷನ್ನಿನ ದಾರಿ ಹಿಡಿದರು. ಸಂಜೆ ಬಚ್ಚಲ ಒಲೆಯಲ್ಲಿ ಪುಸ್ತಕ ಉರಿಯಿತು. ಅದರಿಂದ ಕಾದ ನೀರಿನಲ್ಲೇ ಸ್ನಾನ ಮಾಡಿದೆ.

ಮಾಸ್ತರರು ಚೀಟಿ ತಮ್ಮದೇ ಎಂದು ಒಪ್ಪಿಕೊಂಡರಂತೆ. ನೌಕರಿ ಹೋಯಿತು. ಎಂಟು ತಿಂಗಳು ಜೈಲು. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಬಿದ್ದ ಮೇಲೆ ಹೊರಗೆ ಬಂದರು. ಆಗ ಗಲಭೆಗೆ ಅಂಜಿ ಮುಸಲ್ಮಾನರ ಓಣಿಗಳಲ್ಲಿ ಹಗಲಲ್ಲೂ ಬಾಗಿಲು ಹಾಕಿರುತ್ತಿದ್ದವು. ನಾನು ಹೋಗಿ ಕದ ತಟ್ಟಿದಾಗ ತೆರೆಯಲು ಬಹಳ ಹೊತ್ತಾಯಿತು.

ಮಾಸ್ತರರು ಕಡ್ಡಿಯಾಗಿದ್ದರು. ಬರುವಾಗ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಪುಸ್ತಕ ಅಂಗಡಿಯಲ್ಲೇ ಇತ್ತು, ಭಾಭಿಗೆ ಸುಳ್ಳು ಹೇಳಿದೆ, ಸುಟ್ಟೆ, ಇಷ್ಟನ್ನೇ ಹೇಳಿ ಅತ್ತೆ.

"ಗೊತ್ತಿತ್ತು," ಅಂದರು. "ಹಂಗೇನು ಹೆದರಬ್ಯಾಡ್ರಿ. ಹದಿನೈದು ವರ್ಷದಾಗ ಅದೇ ಒಂದು ಚೀಟಿ ಭಾಳ ಚಲೋ ಇತ್ತು. ನಂದು ಅಂತ ಹೇಳಲಿಕ್ಕೆ ನನಗ ನಾಚಿಕಿ ಆಗಲಿಲ್ಲ."

"ನಾಳೆ ಕಚೇರಿಗೆ ಹೋಗ್ತೀನ್ರಿ ಮಾಸ್ತರ್ರ. ಬರದಾವ ನಾನು ಅಂತ ಎಲ್ಲಾರ ಮುಂದ ಹೇಳ್ತೀನಿ."

ಅವರು ನನ್ನ ಮುಖವನ್ನೇ ನೋಡಿದರು. "ರಾಜನ್ನ ಮುಗಸ್ತೀನಿ ಅಂತ ಬರದಾವ್ರಿಗಿ ಈಗ ಹಾರ ಹಾಕ್ಲಿಕತ್ಯಾರ, ರೇವಣಪ್ಪಾವ್ರ. ಹೇಳೂದಿದ್ರ ಆವಾಗ ಹೇಳಬೇಕಿತ್ತು."

ಒಳಗಿನಿಂದ ರಶೀದಾಬೇಗಂ ನೀರು ಕಳಿಸಲಿಲ್ಲ. ಎದ್ದು ಬಂದೆ.

ಹದಿನೈದು ದಿನಕ್ಕೆ ಸೇಡಂನಲ್ಲಿ ನಿಜಾಮರ ಜೈಲು ಕಂಡು ಬಂದ ಸುತ್ತಲ ಊರಿನವರಿಗೆಲ್ಲ ಸತ್ಕಾರವಾಯಿತು. ಎಂಟು ಜನರ ಹೆಸರು ಕೂಗಿದರು. ಗನಿ ಮಾಸ್ತರರ ಹೆಸರು ಕೂಗಲಿಲ್ಲ, ಯಾಕೆ ಎಂದು ಯಾರೂ ಕೇಳಲೂ ಇಲ್ಲ. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಎದ್ದು ನಿಂತು ಅವರ ಹೆಸರು ಹೇಳಿದ್ದರೆ ಸಾಕಿತ್ತು, ಆ ದಿನ ಅದಕ್ಕೆ ಜೈಲಿನ ಭಯವೂ ಇರಲಿಲ್ಲ. ಎಲ್ಲರ ಜೊತೆ ಕೂತು ಚಪ್ಪಾಳೆ ಹೊಡೆದೆ.