ಒಂದು ಗುರುವಾರದಲ್ಲಿ ಸಾವಿರ ವರ್ಷದ ಸಂಗೀತ

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ, ಒಮಾನಿನ ಅಲ್ ಖೌದ್‌ನಲ್ಲಿದ್ದ ನಮ್ಮ ಕಟ್ಟಡದ ಮೆಟ್ಟಿಲುಗಳ ಮೇಲೆ ಯಾವಾಗಲೂ ರಟ್ಟಿನ ಪೆಟ್ಟಿಗೆಗಳಿರುತ್ತಿದ್ದವು. ಎಣ್ಣೆಯ ಬೆಲೆ ಕುಸಿದಿತ್ತಂತೆ. ಹಾಗೆಂದರೇನೆಂದು ನನಗೆ ತಿಳಿಯುತ್ತಿರಲಿಲ್ಲ. ಕಂಪನಿಗಳಲ್ಲಿ ಕೆಲಸ ಕಡಿಮೆಯಾಗಿ ತಿಂಗಳು ತಿಂಗಳೂ ಯಾರಾದರೊಬ್ಬರು ಸಾಮಾನು ಕಟ್ಟಿ ಊರಿಗೆ ಹೊರಡುತ್ತಿದ್ದರು ಎಂಬುದು ಮಾತ್ರ ಗೊತ್ತಿತ್ತು. ಅಪ್ಪನ ಸಂಬಳ ಇಳಿದಿತ್ತು, ಕೆಲಸ ಉಳಿದಿತ್ತು. ಅದಕ್ಕೇ ಅಮ್ಮ ದಿನಾ ಸಂಜೆ ದೇವರ ಪಟದ ಮುಂದೆ ಒಂದು ಮೇಣದಬತ್ತಿ ಹಚ್ಚುತ್ತಿದ್ದಳು.

ನಮ್ಮ ಎದುರು ಮನೆಯಲ್ಲಿ ಮಾಸ್ತರ್ ಅಂಕಲ್ ಇದ್ದರು. ಹಗಲು ಆಫೀಸಿನಲ್ಲಿ ಟೈಪಿಂಗ್, ಸಂಜೆ ಕಟ್ಟಡದ ಮಕ್ಕಳಿಗೆಲ್ಲ ಸಂಗೀತ. ಉಡುಪಿ ಕಡೆಯ ಚರ್ಚಿನಲ್ಲಿ ಚಿಕ್ಕಂದಿನಿಂದ ಪಿಟೀಲು ನುಡಿಸಿದವರು. ಮನೆಯಲ್ಲಿ ಒಂದು ಎಲೆಕ್ಟ್ರಿಕ್ ಆರ್ಗನ್ನೂ ಇತ್ತು. ಅದರ ಎರಡು ಕೀಗಳು ಒತ್ತಿದರೆ ಮತ್ತೆ ಏಳುತ್ತಿರಲಿಲ್ಲ, ಉಗುರಿನಿಂದ ಎಬ್ಬಿಸಬೇಕಿತ್ತು. ಪಶ್ಚಿಮದ ಶಾಸ್ತ್ರೀಯ ಸಂಗೀತ ಸಾವಿರ ವರ್ಷಗಳಲ್ಲಿ ಹೇಗೆ ಬೆಳೆಯಿತೆಂದು ಮಕ್ಕಳಿಂದಲೇ ಹಾಡಿಸಿ, ನುಡಿಸಿ ತೋರಿಸಬೇಕೆಂಬ ಆಸೆ ಆ ವರ್ಷ ಅವರಿಗೆ ಹುಟ್ಟಿತು. ಅಲ್ಲಿ ವಾರದ ರಜೆಯಾದ ಶುಕ್ರವಾರ, ಪೂಜೆಯ ನಂತರ ಚರ್ಚಿನ ಹಾಲ್‌ನಲ್ಲಿ ಕಾರ್ಯಕ್ರಮವೆಂದು ನಿಶ್ಚಯವಾಯಿತು.

ಮೊದಮೊದಲು ಕ್ರೈಸ್ತ ಮಠಗಳಲ್ಲಿ ಸನ್ಯಾಸಿಗಳು ಎಲ್ಲರೂ ಸೇರಿ ಒಂದೇ ರಾಗ ಹಾಡುತ್ತಿದ್ದರು. ಆಮೇಲೆ ಯಾರೋ ಅದರ ಜೊತೆಗೆ ಎರಡನೆಯ ರಾಗವೊಂದನ್ನು ಹಾಡುವ ಧೈರ್ಯ ಮಾಡಿದರು ಎಂದು ಅಂಕಲ್ ಹೇಳಿದ್ದರು. ಆ ಎರಡನೆಯ ರಾಗ ನನ್ನ ಪಾಲಿಗೆ ಬಂತು, ಮೊದಲನೆಯದು ಅಕ್ಕನಿಗೆ. ಮನೆಯಲ್ಲಿ ನಾನು ಅಕ್ಕನ ಬಾಲ. ಅವಳು ಹೋದಲ್ಲೆಲ್ಲ ಹೋಗುವವಳು. ಹಾಡುವಾಗಲೂ ಅದೇ ಕಥೆ. ಎರಡು ಸಾಲು ಮುಗಿಯುವುದರೊಳಗೆ ನನ್ನ ದನಿ ಜಾರಿ ಅಕ್ಕನ ರಾಗಕ್ಕೆ ಅಂಟಿಕೊಳ್ಳುತ್ತಿತ್ತು.

"ಅಕ್ಕನ ಹಿಂದೆ ಹೋಗ್ಬೇಡ ಮಗಾ," ಎನ್ನುತ್ತಿದ್ದರು ಅಂಕಲ್. "ನಿನ್ನ ದಾರಿ ಬೇರೆ ಉಂಟು. ಕೊನೆಗೆ ಇಬ್ಬರೂ ಒಂದೇ ಬಾಗಿಲಿಗೆ ಬರ್ತೀರಿ."

ಕಾರ್ಯಕ್ರಮಕ್ಕೆ ನಾಲ್ಕು ದಿನವಿರುವಾಗ ಅಂಕಲ್ ಅವರ ಕಂಪನಿ ವೀಸಾ ಕ್ಯಾನ್ಸಲ್ ಮಾಡಿತು. ವಿಮಾನದ ಟಿಕೆಟ್ ಸಿಕ್ಕಿದ್ದು ಅದೇ ಶುಕ್ರವಾರ ಬೆಳಿಗ್ಗೆಗೆ. "ಇನ್ನು ಆಗುದಿಲ್ಲ ಮಕ್ಕಳೇ," ಎಂದು ಅವರು ಆರ್ಗನ್ನಿನ ಮೇಲೆ ಬಟ್ಟೆ ಹೊದಿಸಿದರು. ಅದನ್ನು ಆಗಲೇ ಯಾರಿಗೋ ಮಾರಿಯಾಗಿತ್ತು. ನಾವೆಲ್ಲ ತಲೆ ತಗ್ಗಿಸಿ ನಿಂತೆವು. ಅಕ್ಕ ಒಬ್ಬಳೇ ಸುಮ್ಮನಿರಲಿಲ್ಲ.

"ಯಾಕೆ ಆಗುದಿಲ್ಲ ಅಂಕಲ್? ಗುರುವಾರ ಮಧ್ಯಾಹ್ನ ಇಲ್ಲೇ ಮಾಡುವ. ಅಪ್ಪನಿಗೂ ಅರ್ಧ ದಿನ ರಜೆ."

ಗುರುವಾರ ಊಟವಾದದ್ದೇ ಕಟ್ಟಡದವರೆಲ್ಲ ಬಂದು ಬರಿ ನೆಲದ ಮೇಲೆ ಒತ್ತಿಕೊಂಡು ಕೂತರು. ಏಸಿಯ ಗುರುಗುರು ಸದ್ದಿನಲ್ಲಿ ಹಾಡು ಕೇಳಿಸದೆಂದು ಅದನ್ನು ಆರಿಸಿದ್ದರು. ಬೆವರು, ಪೆಟ್ಟಿಗೆಗಳಿಗೆ ಹಚ್ಚಿದ ಅಂಟುಪಟ್ಟಿ, ಅಮ್ಮ ಮಾಡಿ ತಂದ ಲಿಂಬೆ ಶರಬತ್ತು, ಎಲ್ಲದರ ವಾಸನೆ ಕಲಸಿಹೋಗಿತ್ತು. ನಾವು ಮಕ್ಕಳೆಲ್ಲ ಸೇರಿ ಸನ್ಯಾಸಿಗಳ ಹಳೆಯ ಹಾಡು ಶುರುಮಾಡಿದೆವು. ಅದಕ್ಕೆ ತಾಳವಿಲ್ಲ, ವಾದ್ಯವಿಲ್ಲ, ಉಸಿರು ಇರುವಷ್ಟು ದೂರ ಹೋಗಿ ಮತ್ತೆ ಮರಳುವ ಒಂದೇ ರಾಗ. ಅದು ಮುಗಿಯುತ್ತಿದ್ದಂತೆ ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟ ಒಬ್ಬ ಒಮಾನಿ ಹಿರಿಯರು ಬಾಗಿಲಲ್ಲಿ ಕಾಣಿಸಿಕೊಂಡರು. ದೂರದ ಇಬ್ರಿ ಎಂಬ ಊರಿನಲ್ಲಿ ರೇಡಿಯೊ, ಟೇಪ್ ರೆಕಾರ್ಡರ್ ಅಂಗಡಿ ಇಟ್ಟವರು. ಆರ್ಗನ್ ಕೊಂಡವರು ಅವರೇ. ಸಂಜೆ ಬರಬೇಕಾದವರು ಬೇಗ ಬಂದುಬಿಟ್ಟಿದ್ದರು.

"ಖಲಾಸ್?" ಎಂದು ಕೇಳಿದರು, ಮುಗಿಯಿತೇ ಎಂದು.

"ಅಭೀ ಆಠ್ ಸೌ ಸಾಲ್ ಬಾಕೀ ಹೈ, ಸದೀಕ್!" ಎಂದರು ಅಂಕಲ್. ಇನ್ನೂ ಎಂಟುನೂರು ವರ್ಷ ಬಾಕಿ, ಗೆಳೆಯಾ! ಎಲ್ಲರೂ ನಕ್ಕರು. ಆ ಹಿರಿಯರೂ ನಕ್ಕು, ಚಪ್ಪಲಿ ಬಿಟ್ಟು, ಅಪ್ಪನ ಪಕ್ಕ ಜಾಗ ಮಾಡಿಕೊಂಡು ಕೂತರು.

ಈಗ ನನ್ನ ಸರದಿ. ಅಕ್ಕ ಶುರುಮಾಡಿದಳು, ನಾನೂ ಸೇರಿದೆ. ಮೂರನೆಯ ಸಾಲಿಗೆ ಕಾಲಡಿಯ ಮರಳು ಸರಿದಂತೆ ನನ್ನ ದನಿ ಜಾರತೊಡಗಿತು. ಅಪ್ಪ ಉಸಿರು ಹಿಡಿದದ್ದು ಕಾಣಿಸಿತು. ಅಷ್ಟರಲ್ಲಿ ಅಂಕಲ್ ಆರ್ಗನ್ನಿನ ಒಂದೇ ಒಂದು ಕೀ ಮೆಲ್ಲಗೆ ಒತ್ತಿ ಹಿಡಿದರು. ಅದು ನನ್ನ ಸ್ವರ. ಅದನ್ನು ಹಿಡಿದುಕೊಂಡೆ, ಬಿಡಲಿಲ್ಲ. ಅಕ್ಕ ಮೇಲೆ ಹೋದಾಗ ನಾನು ಕೆಳಗಿದ್ದೆ, ಅವಳು ನಿಂತಾಗ ನಾನು ನಡೆದೆ. ಕೊನೆಯ ಸ್ವರದಲ್ಲಿ ಇಬ್ಬರೂ ಒಟ್ಟಿಗೆ ಬಂದು ನಿಂತಾಗ ಮೈಯೆಲ್ಲ ಜುಮ್ಮೆಂದಿತು. ಅಕ್ಕ ನನ್ನ ಜಡೆ ಎಳೆದು ನಕ್ಕಳು.

ಆಮೇಲಿನ ನೂರಾರು ವರ್ಷಗಳು ಬೇಗ ಬೇಗ ಸರಿದವು. ಆರ್ಗನ್ನಿನ ಮೇಲೆ ಅಕ್ಕನ ಬಲಗೈ ಹೇಳಿದ್ದನ್ನೇ ಎಡಗೈ ಹೇಳುತ್ತ ಅಟ್ಟಿಸಿಕೊಂಡು ಹೋಗುವ ಹಳೆಯ ಜರ್ಮನ್ ಶೈಲಿ. ಅದರ ನಂತರ ಪ್ರಶ್ನೆ-ಉತ್ತರದಂತೆ ಅಚ್ಚುಕಟ್ಟಾದ ಅರಮನೆಯ ಸಂಗೀತ. ಅದೂ ದಾಟಿ, ಅಂಕಲ್ ಅವರ ಪಿಟೀಲಿನಲ್ಲಿ ಬಿರುಗಾಳಿ ಎದ್ದು ಅಳುವಷ್ಟು ಮೆತ್ತಗಾಗುವ ಕಾಲ. ಕೊನೆಯಲ್ಲಿ ಹೊಸ ಕಾಲದ್ದೆಂದು ಸ್ಟೀಲ್ ಲೋಟ, ಚಮಚ, ಒಂದಕ್ಕೊಂದು ಹೊಂದದ ಸ್ವರಗಳು.

"ಇದು ಕೂಡ ಸಂಗೀತವಾ?" ಎಂದಳು ಅಮ್ಮ.

"ಸಾವಿರ ವರ್ಷ ಪ್ರಾಯ ಆಯ್ತಲ್ಲ, ಈಗ ಸ್ವಲ್ಪ ಹಟ ಮಾಡ್ತದೆ," ಎಂದರು ಅಂಕಲ್.

ಚಪ್ಪಾಳೆ ನಿಂತ ಮೇಲೂ ಇಬ್ರಿಯ ಹಿರಿಯರು ಏಳಲಿಲ್ಲ. "ಪೆಹಲಾ ವಾಲಾ, ಏಕ್ ಬಾರ್ ಔರ್," ಎಂದು ಬೆರಳೆತ್ತಿದರು. ಬಾಗಿಲಾಚೆಯಿಂದ ಅರ್ಧ ಕೇಳಿದ್ದ ಆ ಮೊದಲ ಹಾಡು ಅವರಿಗೆ ಇಡೀ ಬೇಕಿತ್ತು. ನಾವು ಮತ್ತೆ ಹಾಡಿದೆವು. ಅವರು ಕಣ್ಣು ಮುಚ್ಚಿ ಕೇಳಿದರು. ಅಂಕಲ್ ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. ಆಮೇಲೆ ಅಪ್ಪ ಮತ್ತು ಆ ಹಿರಿಯರು ಆರ್ಗನ್ನನ್ನು ಎಳೆಮಗುವಿನಂತೆ ಎತ್ತಿ ಪಿಕಪ್ಪಿನಲ್ಲಿಟ್ಟರು.

ಮರುದಿನ ಅಂಕಲ್ ಹೊರಟರು. ನಾನು ಅತ್ತೆ, ಆದರೆ ಅಂದುಕೊಂಡಷ್ಟು ಅಳು ಬರಲಿಲ್ಲ. ಊರಿನಲ್ಲಿ ಅವರು ಮಕ್ಕಳ ಗಾಯನ ತಂಡವೊಂದನ್ನು ಕಟ್ಟಿದರು. ರಜೆಗೆ ಹೋದಾಗಲೆಲ್ಲ ನಾನು ಅಲ್ಲಿ ಹಾಡಿದೆ.

ಮಕ್ಕಳೇ, ನಮಗೆ ಅಷ್ಟು ಸಂಗೀತ ಕೇಳಬೇಕಾದರೆ ಒಬ್ಬರ ಮನೆಗೆ ಹೋಗಿ, ಯಾರದೋ ಮೊಣಕೈ ತಾಗಿಸಿಕೊಂಡು, ಬೆವರುತ್ತ ಕೂರಬೇಕಿತ್ತು. ನಿಮಗೆ ಫೋನ್ ಮುಟ್ಟಿದರೆ ನೂರು ವಾದ್ಯಗಳು ಏಳುತ್ತವೆ, ಯಾವ ಕೀಯೂ ಸಿಕ್ಕಿಕೊಳ್ಳುವುದಿಲ್ಲ. ನಮ್ಮದಕ್ಕಿಂತ ಅದು ಎಷ್ಟೋ ಚೆನ್ನಾಗಿದೆ, ಸುಳ್ಳೇಕೆ ಹೇಳಲಿ? ಮೊನ್ನೆ ಮೊಮ್ಮಗಳು "ಅಜ್ಜಿ, ಲಿಸನ್!" ಎಂದು ತನ್ನ ಕಿವಿಯ ಇಯರ್‌ಫೋನ್ ಒಂದನ್ನು ತೆಗೆದು ನನ್ನ ಕಿವಿಗೆ ಸಿಕ್ಕಿಸಿದಳು. ದೊಡ್ಡ ಆರ್ಕೆಸ್ಟ್ರಾ, ಸಮುದ್ರ ಉಬ್ಬಿದಂತೆ. ಸ್ವಲ್ಪ ಹೊತ್ತು ಕೇಳಿ, "ಎಲ್ಲರಿಗೂ ಕೇಳುವ ಹಾಗೆ ಹಾಕು ಮಗಾ," ಎಂದೆ. ಅವಳು ಸ್ಪೀಕರಿಗೆ ಹಾಕಿದಳು. ಒಳಗಿನಿಂದ ಅವಳ ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು, ಅವಳ ತಮ್ಮನೂ ಆಟ ನಿಲ್ಲಿಸಿ ಬಂದ. ಮುಗಿಯುವವರೆಗೆ ಯಾರೂ ಎದ್ದು ಹೋಗಲಿಲ್ಲ.