ಬಚ್ಚಲೊಲೆಯ ಮೇಲೆ ಒಣಗಿದ ಡೇರೆ ಹೂವು

ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಜನರಿಗೆ ತಾಳ್ಮೆ ಕಲಿಸಿದವನು. ಯಾವ ಕಚೇರಿಯಲ್ಲಿ ಎಂದು ಹೇಳುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ. ಕಿಟಕಿಯ ಈಚೆ ನಾನು, ಆಚೆ ಅವರು, ನಡುವೆ 'ಮುಂದಿನ ವಾರ ಬನ್ನಿ' ಎಂಬ ಮಾತು. ಹಾಗಾಗಿ ನಿವೃತ್ತಿಯ ನಂತರ ಜಲವರ್ಣ ಕಲಿಯಲು ಹೊರಟಾಗ, ಅದಕ್ಕೆ ಬೇಕಾದದ್ದು ತಾಳ್ಮೆಯೊಂದೇ ಎಂದು ಕೇಳಿ, ನನಗಿದು ನೀರು ಕುಡಿದಷ್ಟು ಸುಲಭ ಎಂದುಕೊಂಡೆ.

ಕಲಿಸುವವರು ಅಡ್ಡಗದ್ದೆಯ ನಿವೃತ್ತ ಡ್ರಾಯಿಂಗ್ ಟೀಚರ್. ಕೊಪ್ಪದಿಂದ ಪ್ರತಿ ಗುರುವಾರ ಬಸ್ಸು ಹಿಡಿದು ಹೋಗುತ್ತಿದ್ದೆ. ಅವರ ಪಾಠ ಒಂದೇ: ಮೊದಲು ಹಚ್ಚಿದ ಬಣ್ಣ ಪೂರ್ತಿ ಒಣಗುವವರೆಗೆ ಎರಡನೆಯದನ್ನು ಮುಟ್ಟಬಾರದು. ಶ್ರಾವಣದಲ್ಲಿ ನಮ್ಮ ಕಡೆ ಡಬ್ಬಿಯೊಳಗಿನ ಉಪ್ಪೇ ನೀರು ಬಿಡುತ್ತದೆ, ಇನ್ನು ಕಾಗದ ಒಣಗುವುದುಂಟೇ? ಐದು ನಿಮಿಷಕ್ಕೊಮ್ಮೆ ಬೆರಳಿಟ್ಟು ನೋಡುತ್ತಿದ್ದೆ. ನನ್ನ ಮೊದಲ ದಾಸವಾಳಗಳ ಮೇಲೆ ಹೆಬ್ಬೆಟ್ಟಿನ ಗುರುತು ಎಷ್ಟು ಸ್ಪಷ್ಟವಾಗಿದೆಯೆಂದರೆ ಯಾವ ಪತ್ರಕ್ಕೆ ಬೇಕಾದರೂ ಲಗತ್ತಿಸಬಹುದು.

"ಒಣಗ್ಲಿ ಮಾರಾಯ್ರೆ, ಎಂತ ಅರ್ಜೆಂಟು ನಿಮಗೆ?" ಎನ್ನುತ್ತಿದ್ದರು ಟೀಚರ್.

ಆ ವರ್ಷ ಹೆಂಡತಿಯ ಡೇರೆ, ಅಂದರೆ ಡೇಲಿಯಾ, ಗೆಡ್ಡೆಗಳೆಲ್ಲ ಮಳೆಗೆ ಕೊಳೆತುಹೋಗಿ, ಉಳಿದ ಒಂದೇ ಗಿಡದಲ್ಲಿ ಒಂದೇ ಒಂದು ಬಿಳಿ ಹೂವು ಬಿಟ್ಟಿತು. ಆ ಗೆಡ್ಡೆಯನ್ನು ಅವಳು ಮುತ್ತಿನಕೊಪ್ಪದ ನೆಂಟರ ಮನೆಯ ಪೂಜೆಗೆ ಹೋದಾಗ ಪ್ರಸಾದದ ಚೀಲದಲ್ಲಿ ಅಡಗಿಸಿ ತಂದಿದ್ದಳು. ಕೇಳಿ ತಂದ ಗಿಡ ಬದುಕುವುದಿಲ್ಲ, ಕದ್ದು ತಂದದ್ದೇ ಹೂ ಬಿಡುವುದು ಎಂಬುದು ನಮ್ಮ ಕಡೆ ಹೆಂಗಸರ ನಂಬಿಕೆ. ಈಗ ಅದರ ಬುಡವೂ ಮೆತ್ತಗಾಗಿತ್ತು, ಇನ್ನೊಂದು ಹೂವಿನ ಆಸೆ ಇರಲಿಲ್ಲ.

"ಇದೊಂದನ್ನ ಬಿಡಿಸಿ ಕೊಡಿ. ಫೋನಲ್ಲಿ ತೆಗೆದದ್ದು ಫೋನಲ್ಲೇ ಇರ್ತದೆ, ನಂಗೆ ಗೋಡೆ ಮೇಲೆ ಬೇಕು" ಎಂದಳು. ಮದುವೆಯಾದಾಗಿನಿಂದ ಅವಳು ನನ್ನಲ್ಲಿ ಏನನ್ನೂ ಕೇಳಿದವಳಲ್ಲ. ಕೇಳಿದರೆ ಮುಂದಿನ ವಾರ ಎನ್ನುತ್ತೇನೆಂದು ಅವಳಿಗೂ ಗೊತ್ತಿತ್ತು.

ಜಲವರ್ಣದಲ್ಲಿ ಬಿಳಿ ಹೂವಿಗೆ ಬಣ್ಣ ಹಚ್ಚುವುದಿಲ್ಲ. ಸುತ್ತ ಹಸಿರು ಹಚ್ಚಿ, ಹೂವಿನ ಜಾಗದಲ್ಲಿ ಕಾಗದವನ್ನು ಹಾಗೇ ಬಿಟ್ಟು, ಕೊನೆಗೆ ಎಸಳುಗಳ ನೆರಳನ್ನಷ್ಟೇ ತೆಳುವಾಗಿ ಮೂಡಿಸಬೇಕು. ಮುಟ್ಟದೆ ಬಿಡುವುದರಲ್ಲಿ ನಾನು ಪಳಗಿದವನು, ನನ್ನ ಮೇಜಿನ ಕಡತಗಳನ್ನು ಕೇಳಿ ನೋಡಿ. ಹಸಿರು ಒಣಗಲೆಂದು ಒಂದು ಗಂಟೆ ಕಾದೆ ಎಂದುಕೊಂಡೆ, ಗಡಿಯಾರ ನೋಡಿದರೆ ಹದಿನೈದು ನಿಮಿಷ. ಮಳೆಗಾಲದಲ್ಲಿ ನಮ್ಮ ಬನಿಯನ್ನು, ಕಾಲುಚೀಲ ಒಣಗುವುದು ಬಚ್ಚಲೊಲೆಯ ಮೇಲಿನ ತಂತಿಯಲ್ಲಿ. ಚಿತ್ರವನ್ನೂ ಅಲ್ಲೇ ಕ್ಲಿಪ್ಪು ಹಾಕಿ ನೇತುಹಾಕಿ, ನನ್ನ ಬುದ್ಧಿಗೆ ನಾನೇ ಮೆಚ್ಚಿ ಪೇಪರು ಓದುತ್ತ ಕೂತೆ. ಒಲೆಯಲ್ಲಿ ಹಸಿ ಅಡಿಕೆಸಿಪ್ಪೆ ಹೊಗೆಯಾಡುತ್ತಿತ್ತು. ಎದ್ದು ಹೋಗಿ ನೋಡಿದರೆ ಬಿಳಿ ಡೇರೆ ಕಷಾಯದ ಬಣ್ಣಕ್ಕೆ ತಿರುಗಿತ್ತು.

ಹೆಂಡತಿ "ಅಡ್ಡಿಲ್ಲ ಬಿಡಿ" ಎಂದು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಅವಳನ್ನು ಕೇಳಿ ಹೂವನ್ನೇ ಕೊಯ್ದು, ತಂಬಿಗೆಯ ನೀರಿನಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಅಡ್ಡಗದ್ದೆಗೆ ಹೋದೆ. ತಿರುವಿಗೊಂದರಂತೆ ಎಸಳು ಉದುರಿದವು. "ಬೇಗ ಆಗಬೇಕು ಟೀಚರೇ, ಇದು ನಾಳೆಗಿಲ್ಲ" ಎಂದೆ.

ಅವರು ಕಪಾಟಿನಿಂದ ತಮ್ಮ ಒಂದು ಹಳೆಯ ಡ್ರಾಯಿಂಗ್ ಪುಸ್ತಕ ತೆಗೆದುಕೊಟ್ಟರು. ಪುಟಪುಟದಲ್ಲೂ ಅದೇ ಚಿತ್ರ: ತುಕ್ಕು ಹಿಡಿದ ಎಣ್ಣೆ ಡಬ್ಬದಲ್ಲಿ ಒಂದು ನಿತ್ಯಪುಷ್ಪದ ಗಿಡ. ಆ ಡಬ್ಬ ನನಗೆ ಗೊತ್ತಿತ್ತು. ನನ್ನ ಕಿಟಕಿಯ ಎದುರು, ಜನ ಕಾಯುವ ಬೆಂಚಿನ ಪಕ್ಕದಲ್ಲಿದ್ದದ್ದು.

"ಮುಂದಿನ ವಾರ ಬನ್ನಿ ಅಂತಿದ್ರಿ. ಬಂದವಳು ಸುಮ್ನೆ ಕೂತು ಎಂತ ಮಾಡೂದು? ಬಿಡಿಸ್ತಾ ಕೂರ್ತಿದ್ದೆ" ಎಂದರು ಕುಂಚ ತೊಳೆಯುತ್ತ. "ಒಣಗೂವರೆಗೆ ಕಾಯೂದು ಅಲ್ಲೇ ಅಭ್ಯಾಸ ಆದದ್ದು."

"ನಿಮ್ಮ ಕೆಲಸ ಆಯ್ತಾ?"

"ಆಯ್ತಲ್ಲ. ನೀವು ರಿಟೈರ್ ಆದ ಮರುವಾರವೇ."

ಹಸಿರು ಹಚ್ಚಿ ಕೈಕಟ್ಟಿ ಕೂತೆ. ಒಣಗಿತೇ ಎಂದು ಕೇಳಲಿಲ್ಲ, ಬೆರಳಿಡಲಿಲ್ಲ. ನೆರಳು ಹಚ್ಚುವ ಹೊತ್ತಿಗೆ ಎಡಬದಿಯ ಎಸಳುಗಳೆಲ್ಲ ಮೇಜಿನ ಮೇಲಿದ್ದವು. ಅವುಗಳ ಜಾಗ ಬರಿ ಕಾಗದವಾಗಿಯೇ ಉಳಿಯಿತು.

"ಅರ್ಧ ಆದ್ರೂ ನಂದೇ ಹೂವು" ಎಂದು ಹೆಂಡತಿ ಅದನ್ನು ಗೋಡೆಗೆ ಹಾಕಿದ್ದಾಳೆ. ಅದರ ಎದುರು ಕೂತು ಆ ಬೆಂಚನ್ನು ನೆನಪಿಸಿಕೊಳ್ಳಲು ನೋಡುತ್ತೇನೆ. ಡಬ್ಬ ನೆನಪಾಗುತ್ತದೆ, ನಿತ್ಯಪುಷ್ಪ ನೆನಪಾಗುತ್ತದೆ. ಪಕ್ಕದಲ್ಲಿ ಕೂತಿದ್ದ ಟೀಚರ ಮುಖ ಮಾತ್ರ ಏನು ಮಾಡಿದರೂ ನೆನಪಿಗೆ ಬರುವುದಿಲ್ಲ.